ಪದಚರ್ಚೆ: ‘ಡಿಸೈನ್ ಪ್ಯಾಟರ್ನ್’ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ ಬೇಕು)

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಡಿಸೈನ್ ಪ್ಯಾಟರ್ನ್ (ಸಾಫ್ಟ್‌ವೇರ್ ಬರೆಯುವಾಗ ಮತ್ತೆ ಮತ್ತೆ ಎದುರಾಗುವ ತೊಡಕಿಗೆ ಹೆಸರಿಟ್ಟ ಪರಿಹಾರದ ದಾರಿ) ಬಗ್ಗೆ ಕನ್ನಡದಲ್ಲೇ ತರಗತಿ ಇಟ್ಟುಕೊಂಡಿದ್ದೇವೆ. ಬ್ಯಾನರ್ ಸಂಜೆ ಪ್ರೆಸ್‌ಗೆ ಹೋಗಬೇಕು. ‘ವಿನ್ಯಾಸ ಮಾದರಿಗಳು’ ಅಂತ ಬರೆದಿಟ್ಟಿದ್ದೇನೆ, ಆದರೆ ಮನಸ್ಸು ಒಪ್ಪುತ್ತಿಲ್ಲ. ಮಾದರಿ ಅಂದ ಕೂಡಲೇ ಮಾದರಿ ಪ್ರಶ್ನೆಪತ್ರಿಕೆ ನೆನಪಾಗುತ್ತದೆ. ನೋಡಿ ನಕಲು ಮಾಡುವ ವಸ್ತು ಅನ್ನಿಸುತ್ತದೆ. ಪ್ಯಾಟರ್ನ್ ಹಾಗಲ್ಲ, ಅದು ಸಿದ್ಧ ಕೋಡ್ ಅಲ್ಲವೇ ಅಲ್ಲ.

ತರಗತಿಗೆ ಇಟ್ಟುಕೊಂಡ ಉದಾಹರಣೆ ಇದು: ಮೆಕ್ಕೆಜೋಳದ ದರ ತೋರಿಸುವ ಆ್ಯಪ್. ದರ ಬದಲಾದರೆ ಮಾರುಕಟ್ಟೆಯ ಫಲಕ, ರೈತರಿಗೆ ಹೋಗುವ ಮೆಸೇಜ್, ಕಚೇರಿಯ ಲೆಕ್ಕ ಮೂರೂ ಬದಲಾಗಬೇಕು. ದರದ ಕೋಡ್‌ನಲ್ಲೇ ಮೂರರ ಹೆಸರನ್ನೂ ಬರೆದಿಟ್ಟರೆ, ನಾಳೆ ನಾಲ್ಕನೆಯದು ಬಂದಾಗ ಮತ್ತೆ ಅದನ್ನೇ ಬಿಚ್ಚಬೇಕು. ಅದರ ಬದಲು ಬೇಕಾದವರು ಬಂದು ಹೆಸರು ಬರೆಸಿಕೊಳ್ಳಲಿ, ದರ ಬದಲಾದಾಗ ಪಟ್ಟಿಯಲ್ಲಿರುವ ಎಲ್ಲರಿಗೂ ಸುದ್ದಿ ಹೋಗಲಿ. ಇದು ಅಬ್ಸರ್ವರ್ ಪ್ಯಾಟರ್ನ್. ಪರಿಹಾರದ ದಾರಿ ಒಂದೇ, ಕೋಡ್ ಮಾತ್ರ ಪ್ರತಿ ಸಲ ಹೊಸದು. ಈ ಅರ್ಥ ಬರುವ ಪದ ಕೊಡಿ.

ಚಿತ್ರದುರ್ಗದಿಂದ:
‘ವಿನ್ಯಾಸ’ ಬೇಡ. ಸಂಸ್ಕೃತಕ್ಕೆ ಕೈಯೊಡ್ಡುವ ಅಗತ್ಯವೇ ಇಲ್ಲ. ‘ಹೆಣಿಗೆ’ ಅನ್ನಿ. ಹಳೆಗನ್ನಡದ ‘ಪೆಣೆ’, ಅದರಿಂದ ‘ಹೆಣೆ’, ಅದರಿಂದ ‘ಹೆಣಿಗೆ’. ಪಕಾರ ಹಕಾರವಾದದ್ದು ನಿಮಗೆಲ್ಲ ಗೊತ್ತೇ ಇದೆ. ಮುಗಿಯಿತು.

ದಾವಣಗೆರೆಯಿಂದ:
ಸರ್, ಹೆಣಿಗೆ ಅಂದರೆ ಇಲ್ಲಿಯ ಮಕ್ಕಳಿಗೆ ಸ್ವೆಟರ್ ನೆನಪಾಗುತ್ತದೆ. ಬೇರು ಸರಿಯಿದ್ದ ಮಾತ್ರಕ್ಕೆ ಅರ್ಥ ತಲುಪಲ್ಲ ಅಲ್ವಾ?

ಹರಿಹರದಿಂದ:
‘ಅಚ್ಚು’ ಅನ್ನುವವರೂ ಬರುತ್ತಾರೆ, ಅದನ್ನು ಈಗಲೇ ಬಿಡಿ. ಅಚ್ಚಿನಿಂದ ಬರುವುದೆಲ್ಲ ಒಂದೇ ಥರ. ಈ ವಿಚಾರ ಶುರುವಾದದ್ದೇ ಕಟ್ಟಡಗಳಿಂದ. ಕ್ರಿಸ್ಟೋಫರ್ ಅಲೆಕ್ಸಾಂಡರ್ ಅನ್ನುವ ವಾಸ್ತುಶಿಲ್ಪಿ ಮತ್ತು ಜೊತೆಗಾರರು 1977ರಲ್ಲಿ ಊರು, ಬೀದಿ, ಮನೆಗಳ 253 ಪ್ಯಾಟರ್ನ್ ಬರೆದಿಟ್ಟರು. ಒಂದೇ ಪರಿಹಾರವನ್ನು ಎಷ್ಟು ಸಲ ಬಳಸಿದರೂ ಎರಡು ಸಲ ಒಂದೇ ಥರ ಆಗಬೇಕಿಲ್ಲ ಅನ್ನುವುದೇ ಅವರ ಮಾತಿನ ತಿರುಳು. ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡೀಸ್ ನಾಲ್ವರೂ 1994ರಲ್ಲಿ ಅದನ್ನೇ ಸಾಫ್ಟ್‌ವೇರ್‌ಗೆ ತಂದು 23 ಪ್ಯಾಟರ್ನ್‌ಗೆ ಹೆಸರಿಟ್ಟರು.

ನನ್ನ ಸಲಹೆ ‘ಪಟ್ಟು’. ಕುಸ್ತಿಯ ಪಟ್ಟುಗಳಿಗೆ ಹೆಸರಿದೆ, ಗುರುವಿನಿಂದ ಕಲಿಯುತ್ತಾರೆ, ಆದರೆ ಎದುರಾಳಿಯ ಮೈಕಟ್ಟು ನೋಡಿ ಹಾಕಬೇಕು. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಡದ ಕಡೆ ಹಾಕಿದರೆ ತಾನೇ ಬೀಳುವುದೂ ಇದೆ. ಸಣ್ಣ ಪ್ರೋಗ್ರಾಮಿಗೆ ಸುಮ್ನೆ ನಾಲ್ಕು ಪ್ಯಾಟರ್ನ್ ತುರುಕಿದ ಕೋಡ್ ಜಾಸ್ತಿ ಕಾಟ ಕೊಡುತ್ತದೆ.

ಚಿತ್ರದುರ್ಗದಿಂದ:
ಪಟ್ಟು ಅಂದರೆ ಹಟ. ‘ಪಟ್ಟು ಬಿಡದ ಸರ್ಕಾರ’ ಅಂತ ದಿನಾ ಪೇಪರ್‌ನಲ್ಲಿ ಓದುತ್ತೀರಿ. ಒಪ್ಪಲ್ಲ. ಅಬ್ಸರ್ವರ್, ಸಿಂಗಲ್ಟನ್ ಅನ್ನುವ ಪ್ಯಾಟರ್ನ್ ಹೆಸರುಗಳನ್ನೆಲ್ಲ ಇಂಗ್ಲಿಷಿನಲ್ಲೇ ಬಿಡುವುದಾದರೆ ಕನ್ನಡ ತರಗತಿ ಯಾಕೆ?

ಹರಿಹರದಿಂದ:
ನಿಮ್ಮ ಮನೆಯ ಅಲಮಾರು, ಚಾವಿ ಎರಡೂ ಪೋರ್ಚುಗೀಸರಿಂದ ಬಂದವು ಸರ್. ಅವನ್ನು ಹೊರಗೆ ಹಾಕಿದ್ದೀರಾ? 23ರ ಹೆಸರುಗಳು ಹಾಗೇ ಇರಲಿ. ಆ ಮಕ್ಕಳು ನಾಳೆ ಕೆಲಸದ ಜಾಗದಲ್ಲಿ ಅದೇ ಹೆಸರಿನಲ್ಲೇ ಮಾತಾಡಬೇಕು. ಪಾಠ ಕನ್ನಡದಲ್ಲಿರಲಿ.

ಚಿತ್ರದುರ್ಗದಿಂದ:
ಅಲಮಾರು ಬಂದಾಗ ನಮ್ಮಲ್ಲಿ ಆ ವಸ್ತುವೇ ಇರಲಿಲ್ಲ. ಇಲ್ಲಿ ವಿಚಾರಕ್ಕೆ ಪದ ಕಟ್ಟುವ ಶಕ್ತಿ ನಮಗಿದೆ, ಕಟ್ಟುತ್ತಿಲ್ಲ. ವ್ಯತ್ಯಾಸ ಅಷ್ಟೇ.

ದಾವಣಗೆರೆಯಿಂದ:
ಇಬ್ಬರಿಗೂ ಧನ್ಯವಾದ. ಬ್ಯಾನರ್‌ಗೆ ‘ಸಾಫ್ಟ್‌ವೇರ್ ಪಟ್ಟುಗಳು’, ಕೆಳಗೆ ಸಣ್ಣ ಅಕ್ಷರದಲ್ಲಿ ‘ಡಿಸೈನ್ ಪ್ಯಾಟರ್ನ್ ಪರಿಚಯ’ ಅಂತ ಕಳಿಸಿದ್ದೇನೆ. ಅಬ್ಸರ್ವರ್‌ಗೆ ಕನ್ನಡ ಕಟ್ಟಿಕೊಡಿ ಸರ್, ಪಾಠದ ಹಾಳೆಯಲ್ಲಿ ಎರಡನ್ನೂ ಪಕ್ಕಪಕ್ಕ ಹಾಕುತ್ತೇನೆ. ಹಾಳೆ ಇನ್ನೂ ಪ್ರಿಂಟ್ ಆಗಿಲ್ಲ.