ಸಹಾಯ ಬೇಕು: ಯುದ್ಧವಿಮಾನ ಸಿಮ್ಯುಲೇಟರ್‌ಗೆ ಯಾವ ಮಾನಿಟರ್, ಎಷ್ಟು ಜೂಮ್?

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ಡಿಸಿಎಸ್ ವರ್ಲ್ಡ್ ಎಂಬ ಯುದ್ಧವಿಮಾನ ಸಿಮ್ಯುಲೇಟರ್ ಆಟದಲ್ಲಿ ಮಿಗ್-21 ಹಾರಿಸುವ ನನಗೆ ಹೊಸ ಮಾನಿಟರ್ ಆರಿಸಲು ನಿಮ್ಮ ಸಲಹೆ ಬೇಕಾಗಿದೆ. ಈಗ ಇರುವುದು 27 ಇಂಚಿನ, 1920×1080 ಪಿಕ್ಸೆಲ್‌ಗಳ ಪರದೆ. ನೋಟದ ಕೋನವನ್ನು (ಪರದೆಯಲ್ಲಿ ಎಡದಿಂದ ಬಲಕ್ಕೆ ಕಾಣುವ ದೃಶ್ಯದ ವ್ಯಾಪ್ತಿ) 90 ಡಿಗ್ರಿಗೆ ಇಟ್ಟರೆ, 7.15 ಮೀಟರ್ ರೆಕ್ಕೆಯಗಲದ ಮಿಗ್-21 ಮೂರು ಕಿಲೋಮೀಟರ್ ದೂರದಿಂದ ನೇರ ಎದುರಾಗಿ ಬರುವಾಗ ಪರದೆಯ ನಡುವೆ ಎರಡು-ಮೂರು ಪಿಕ್ಸೆಲ್‌ಗಳಷ್ಟೇ ಅಗಲವಿರುತ್ತದೆ. ಆರೋಗ್ಯವಂತ ಕಣ್ಣು ಸುಮಾರು ಒಂದು ಕೋನೀಯ ನಿಮಿಷದಷ್ಟು (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸಣ್ಣ ವಿವರವನ್ನೂ ಗುರುತಿಸಬಲ್ಲದಾದ್ದರಿಂದ, ನಿಜವಾದ ಪೈಲಟ್‌ಗೆ ಅದೇ ವಿಮಾನ ಇದರ ಸುಮಾರು ಮೂರೂವರೆ ಪಟ್ಟು ಸ್ಪಷ್ಟವಾಗಿ ಕಾಣಬೇಕು. ಕೋನವನ್ನು 30 ಡಿಗ್ರಿಗೆ ಇಳಿಸಿ ಜೂಮ್ ಮಾಡಿದರೆ ಎಂಟು ಪಿಕ್ಸೆಲ್ ದಾಟುತ್ತದೆ, ಆದರೆ ಸುತ್ತಲಿನ ಆಕಾಶ ಕಣ್ತಪ್ಪುತ್ತದೆ. ಜೂಮ್ ಬಳಸುವುದು ಮೋಸವೆಂದು ಕೆಲವರು ವಾದಿಸುತ್ತಾರೆ. ಪರದೆ ಕಸಿದುಕೊಂಡ ದೃಷ್ಟಿಯನ್ನು ಮರಳಿ ಕೊಡುವ ಸಾಧನ ಅದು ಎಂಬುದು ನನ್ನ ದೃಢ ಅಭಿಪ್ರಾಯ.

ಒಂದೇ ಪಿಕ್ಸೆಲ್‌ನ ಚುಕ್ಕೆಯಾಗಿ ತೋರುವ ದೂರದ ವಿಮಾನ, ಅದೇ ಅಳತೆಯ 4ಕೆ (3840×2160 ಪಿಕ್ಸೆಲ್‌ಗಳ) ಪರದೆಯಲ್ಲಿ ಇನ್ನೂ ಕಿರಿದಾಗುವುದರಿಂದ, ಅಷ್ಟು ಹಣ ಹಾಕಲು ಹಿಂಜರಿಕೆಯಿದೆ. ಕೋಥ್ರೂಡ್ ಅಥವಾ ಬಾಣೇರ್ ಕಡೆ ಯಾರಾದರೂ 32 ಇಂಚಿನ 4ಕೆ ಮಾನಿಟರ್‌ನಲ್ಲಿ ಇಂಥ ಆಟ ಆಡುತ್ತಿದ್ದರೆ, ಒಂದು ಭಾನುವಾರ ಬಂದು ನೋಡಲು ದಯವಿಟ್ಟು ಅವಕಾಶ ಕೊಡುವಿರಾ? ಜೂಮ್ ಅನ್ನು ಜಾಯ್‌ಸ್ಟಿಕ್‌ನ ಬಟನ್‌ಗೆ ಜೋಡಿಸಿದ್ದೀರೋ, ಥ್ರಾಟಲ್‌ನ (ಎಂಜಿನ್ ವೇಗ ನಿಯಂತ್ರಿಸುವ ಹಿಡಿ) ಸ್ಲೈಡರ್‌ಗೋ ಎಂಬುದನ್ನೂ ತಿಳಿಸಿ.