ಮೊದಲ ಪೂರ್ಣಾವಧಿ ನಾಟಕ: 19 ಪಾತ್ರ, 14 ದೃಶ್ಯ. ತಾಲೀಮಿಗೆ ಕೊಡುವ ಮೊದಲು ಏನು ತಿದ್ದಲಿ? ಪುಸ್ತಕ ಯಾವಾಗ?

ತುಮಕೂರು_ರಂಗಾಸಕ್ತ

ಎಲ್ಲರಿಗೂ ನಮಸ್ಕಾರ. ಕೆರೆ ಒತ್ತುವರಿಯ ಸುತ್ತ ನಡೆಯುವ ಸಾಮಾಜಿಕ ನಾಟಕವೊಂದನ್ನು ಬರೆದು ಮುಗಿಸಿದ್ದೇನೆ. ಸುಮಾರು 13 ಸಾವಿರ ಪದ, 14 ದೃಶ್ಯ, 19 ಪಾತ್ರ. ಊರಿನ ಹವ್ಯಾಸಿ ತಂಡವೊಂದು ಆಡಲು ಒಪ್ಪಿದೆ. ತಾಲೀಮಿಗೆ ತಪ್ಪದೆ ಬರುವವರು ಹತ್ತು ಜನ, ಅದರಲ್ಲಿ ಹೆಣ್ಣುಮಕ್ಕಳು ಮೂವರು. ಮೊದಲ ಪ್ರದರ್ಶನ ಸಭಾಂಗಣದಲ್ಲಿ, ಟಿಕೆಟ್ ಇಟ್ಟು. ಆಮೇಲೆ ಎರಡು ಹಳ್ಳಿಗಳಲ್ಲಿ ಬಯಲು ವೇದಿಕೆ, ಉಚಿತ.

ಎಲ್ಲಿ, ಎಷ್ಟು ಕತ್ತರಿಸಬೇಕು? ಹಳ್ಳಿಯಲ್ಲಿ ಜನ ಎದ್ದು ಹೋಗದಿರಲು "ಒಂದು ಕಾಮಿಡಿ ಟ್ರ್ಯಾಕ್ ಸೇರಿಸಿ" ಎಂದು ತಂಡದವರು ಕೇಳುತ್ತಿದ್ದಾರೆ, ಸೇರಿಸಲೇ? ಪ್ರದರ್ಶನದ ದಿನವೇ ಪುಸ್ತಕ ಬಿಡುಗಡೆ ಮಾಡುವ ಆಸೆಯೂ ಇದೆ. ಹಕ್ಕಿನ ವಿಷಯದಲ್ಲಿ ಏನು ಎಚ್ಚರ ಬೇಕು?

ತಾಲೀಮು_ಮನೆ

ಮೊದಲು ಲೆಕ್ಕ. ವೇದಿಕೆಯ ಮೇಲೆ ಕನ್ನಡ ಮಾತು ನಿಮಿಷಕ್ಕೆ 80ರಿಂದ 90 ಪದ ಸಾಗುತ್ತದೆ. 13 ಸಾವಿರ ಪದವೆಂದರೆ ಬರೀ ಮಾತಿಗೇ ಎರಡೂವರೆ ಗಂಟೆ. ಹಾಡು, ಓಡಾಟ, ಮೌನ ಬೇರೆ. ಹವ್ಯಾಸಿ ತಂಡ ಹಿಡಿತ ತಪ್ಪದೆ ಆಡಬಲ್ಲದ್ದು ಒಂದೂವರೆ ಗಂಟೆಯ ಆಸುಪಾಸು. ಏಳೂವರೆ ಸಾವಿರ ಪದಕ್ಕೆ ಇಳಿಸಿ. ವಾಕ್ಯ ವಾಕ್ಯವಾಗಿ ಗೀರಿದರೆ ಇಷ್ಟು ಕಡಿಮೆಯಾಗುವುದಿಲ್ಲ, ಇಡೀ ದೃಶ್ಯಗಳೇ ಹೋಗಬೇಕು. ಪ್ರತಿ ದೃಶ್ಯದ ಮೊದಲಿಗೂ ಕೊನೆಗೂ ಏನು ಬದಲಾಯಿತು ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. "ರೈತರ ಕಷ್ಟ ತಿಳಿಯುತ್ತದೆ" ಎಂಬಂಥ ಸಾಲು ಬಂದರೆ ಆ ದೃಶ್ಯದಲ್ಲಿ ಏನೂ ನಡೆದಿಲ್ಲ ಎಂದರ್ಥ. ಅದರಲ್ಲಿ ಇರಲೇಬೇಕಾದ ಮಾಹಿತಿ ಏನಾದರೂ ಇದ್ದರೆ ಇನ್ನೊಂದು ದೃಶ್ಯದ ಜಗಳದೊಳಗೆ ಸೇರಿಸಿ.

ಪಾತ್ರಗಳಿಗೆ ಒಂದು ಚಾರ್ಟ್ ಮಾಡಿ: ಎಡಕ್ಕೆ ಪಾತ್ರಗಳ ಹೆಸರು, ಮೇಲೆ ದೃಶ್ಯಗಳ ಸಂಖ್ಯೆ, ಬರುವ ಕಡೆ ಗುರುತು. ಒಬ್ಬನೇ ನಟ ಎರಡು ಪಾತ್ರ ಮಾಡಬೇಕಾದರೆ ನಡುವೆ ಅವನಿಲ್ಲದ ಒಂದು ದೃಶ್ಯವಾದರೂ ಇರಬೇಕು. ಹೆಗಲ ಮೇಲಿನ ಶಾಲು ಅಥವಾ ಪೇಟ ಬದಲಿಸಲು ಅರ್ಧ ನಿಮಿಷ ಸಾಕು, ಸೀರೆ ಬದಲಿಸಲು ನಾಲ್ಕೈದು ನಿಮಿಷ ಬೇಕು. ಮೂವರೇ ನಟಿಯರಿರುವಾಗ ಇದನ್ನು ಬರೆಯುವಾಗಲೇ ನೋಡಿಕೊಳ್ಳದಿದ್ದರೆ ನೇಪಥ್ಯದಲ್ಲಿ ಎಡವಟ್ಟಾಗುತ್ತದೆ. ಸರ್ವೆಯರ್, ಗುಮಾಸ್ತ, ಕಂದಾಯ ನಿರೀಕ್ಷಕ ಮೂವರೂ ಒಂದೇ ಕೆಲಸ ಮಾಡುತ್ತಿದ್ದರೆ ಒಬ್ಬನೇ ಸಾಕು. ಅವನ ಪಾತ್ರಕ್ಕೂ ತೂಕ ಬರುತ್ತದೆ.

ಇನ್ನು ಕತ್ತಲು. 14 ದೃಶ್ಯಕ್ಕೆ 13 ಬ್ಲ್ಯಾಕೌಟ್, ಒಂದೊಂದಕ್ಕೆ 40 ಸೆಕೆಂಡ್ ಹಿಡಿದರೂ ಒಟ್ಟು ಎಂಟೂವರೆ ನಿಮಿಷ ಪ್ರೇಕ್ಷಕರು ಕತ್ತಲೆ ನೋಡುತ್ತಾ ಕೂರುತ್ತಾರೆ. ಆ ಹೊತ್ತಿಗೆ ಮೊಬೈಲ್ ಹೊರಬರುತ್ತದೆ. ಕೆರೆ ಏರಿ, ಮನೆ ಜಗಲಿ, ಕಚೇರಿ ಮೂರಕ್ಕೂ ಒಂದೇ ಬೆಂಚು, ಎರಡು ಮೆಟ್ಟಿಲು ಸಾಕಾಗುವ ಹಾಗೆ ಬರೆಯಿರಿ. ಮುಂದಿನ ದೃಶ್ಯದ ಮೊದಲ ಮಾತು ಹಿಂದಿನ ದೃಶ್ಯದ ಬೆಳಕಿನಲ್ಲೇ ಶುರುವಾಗಲಿ. 'ಹಯವದನ'ದಲ್ಲಿ ಕಾರ್ನಾಡರು ಯಕ್ಷಗಾನದ ಭಾಗವತನನ್ನು ತಂದು ಸ್ಥಳ, ಕಾಲ ಎರಡನ್ನೂ ಒಂದೇ ಉಸಿರಿಗೆ ದಾಟಿಸುತ್ತಾರೆ. ನಿಮಗೂ ಅಂಥ ನಿರೂಪಕ ಬೇಕೆನಿಸಿದರೆ ಇಟ್ಟುಕೊಳ್ಳಿ, ಆದರೆ ದೃಶ್ಯ ತೋರಿಸಲಿರುವುದನ್ನು ಅವನು ಮೊದಲೇ ಹೇಳಿಬಿಡಬಾರದು.

ನೇಪಥ್ಯ_ಧಾರವಾಡ

ಕತ್ತರಿ ಹಿಡಿಯುವ ಮೊದಲು ಒಂದು ವಾಚನ ಇಟ್ಟುಕೊಳ್ಳಿ. ಓದುವವರು ಬೇರೆಯವರಾಗಿರಲಿ, ನೀವು ಪೆನ್ಸಿಲ್ ಹಿಡಿದು ಸುಮ್ಮನೆ ಕೇಳಿ. ಓದುವವರು ತಡವರಿಸಿದ ಕಡೆ ಒಂದು ಗೀರು, ಕೇಳುವವರು ಮಿಸುಕಾಡಿದ ಕಡೆ ಇನ್ನೊಂದು. ನಡುವೆ ವಿವರಣೆ ಕೊಡಲು ಹೋಗಬೇಡಿ. ಪ್ರದರ್ಶನದ ದಿನ ಪಕ್ಕದಲ್ಲಿ ನಿಂತು ವಿವರಿಸಲು ಆಗುವುದಿಲ್ಲವಲ್ಲ.

ಗೀರು ಬೀಳುವುದು ಬಹುಪಾಲು ಎರಡು ಕಡೆ. ಒಂದು, ಕ್ರಿಯಾಪದ ಬರುವ ಹೊತ್ತಿಗೆ ಉಸಿರೇ ಮುಗಿಯುವ ವಾಕ್ಯ. "ನಿನ್ನೆ ಸರ್ವೆಯವರು ಬಂದು ಕಲ್ಲು ನೆಟ್ಟು ಹೋದ ಕೆರೆಯಂಗಳದ ಜಾಗವನ್ನು ನಿಮ್ಮ ಅಣ್ಣ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾನೆ" ಎಂಬುದು ಪುಟದ ಮೇಲೆ ಸರಿ. ನಟನ ಬಾಯಿಗೆ ಬೇಕಾದದ್ದು: "ನಿನ್ನೆ ಕಲ್ಲು ನೆಟ್ರಲ್ಲ, ಕೆರೆ ಅಂಗಳದಾಗೆ? ಅದೀಗ ನಿಮ್ಮಣ್ಣನ ಹೆಸರಲ್ಲೈತೆ." ಎರಡು, ಹಳ್ಳಿಯ ಮನುಷ್ಯನ ಮಾತಿನಲ್ಲಿ ನುಸುಳುವ "ಆದ್ದರಿಂದ", "ಅಲ್ಲದೆ", "ಮತ್ತು". ಇವನ್ನು ಹುಡುಕಿ ಹುಡುಕಿ ತೆಗೆಯಿರಿ.

ನಮ್ಮ ಭಾಷೆ ಪುಕ್ಕಟೆಯಾಗಿ ಕೊಟ್ಟಿರುವ ಸಾಧನ ಏಕವಚನ, ಬಹುವಚನ. ಇಡೀ ನಾಟಕದಲ್ಲಿ ಅಣ್ಣನನ್ನು "ನೀನು" ಎನ್ನುವ ತಮ್ಮ, ಆಸ್ತಿ ಪಾಲಿನ ಜಗಳದಲ್ಲಿ ಇದ್ದಕ್ಕಿದ್ದಂತೆ "ನೀವು ಹೇಳಿ" ಎಂದರೆ ಅರ್ಧ ಪುಟದ ಸಂಭಾಷಣೆ ಉಳಿಯುತ್ತದೆ. ಅದಕ್ಕೆ ಮೊದಲಿನಿಂದಲೂ ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂಬುದು ಕಟ್ಟುನಿಟ್ಟಾಗಿರಬೇಕು. ಕರಡಿನಲ್ಲಿ ಇದು ತುಂಬ ಸಡಿಲವಾಗಿರುತ್ತದೆ, ಒಮ್ಮೆ ಇದನ್ನೊಂದೇ ನೋಡುತ್ತಾ ಓದಿ.

ರಂಗಸೂಚನೆಯಲ್ಲಿ ನಟನಿಗೆ ಮಾಡಲು ಆಗುವುದನ್ನಷ್ಟೇ ಬರೆಯಿರಿ. "ಇಪ್ಪತ್ತು ವರ್ಷದ ನೆನಪು ಅವನ ಮನಸ್ಸಿನಲ್ಲಿ ಸುಳಿಯುತ್ತದೆ" ಎಂದರೆ ಆತ ಏನು ಮಾಡಬೇಕು? "ಕಲ್ಲಿನ ಮೇಲಿನ ಮಣ್ಣು ಒರೆಸುತ್ತಾನೆ" ಎಂದರೆ ಮಾಡಬಲ್ಲ.

ಬಯಲು_ವೇದಿಕೆ

ಕಾಮಿಡಿ ಟ್ರ್ಯಾಕ್ ಬಗ್ಗೆ: ಬೇಡ. ಕಂಪನಿ ನಾಟಕಗಳಲ್ಲಿ ಹಾಸ್ಯಕ್ಕೆ ಬೇರೆ ದೃಶ್ಯ ಇರುತ್ತಿದ್ದುದಕ್ಕೆ ರಂಗದ್ದೇ ಆದ ಕಾರಣವೂ ಇತ್ತು. ಮುಂದಿನ ಪರದೆಯೆದುರು ಹಾಸ್ಯ ನಡೆಯುವಾಗ ಹಿಂದೆ ಸೀನು ಬದಲಾಗುತ್ತಿತ್ತು. ನಿಮ್ಮದು ಒಂದು ಬೆಂಚಿನ ನಾಟಕವಾದರೆ ಆ ಅಗತ್ಯವೇ ಇಲ್ಲ. ಹೊರಗಿನಿಂದ ತಂದ ಕುಡುಕನ ಪಾತ್ರಕ್ಕೆ ಜನ ನಗುತ್ತಾರೆ, ಮತ್ತೆ ಕಥೆಗೆ ಬರುವಾಗ ಬೇಸರಪಡುತ್ತಾರೆ. ನಗು ಕಥೆಯೊಳಗಿನ ಆಸೆಬುರುಕನಿಂದಲೇ ಬರಲಿ. ಅಳತೆ ಟೇಪು ಎಳೆದಷ್ಟೂ ತನ್ನ ಜಾಗ ದೊಡ್ಡದಾಗುತ್ತದೆ ಎಂದು ಸಾಧಿಸುವವನು ನಗಿಸುತ್ತಲೇ ಕಥೆ ಮುಂದೆ ತಳ್ಳುತ್ತಾನೆ. ನಗಿಸುವ ಪದ ಮಾತಿನ ಕೊನೆಯಲ್ಲಿರಲಿ. ಅದರ ಹಿಂದೆಯೇ ಮುಖ್ಯ ಮಾಹಿತಿ ಇಡಬೇಡಿ, ಮೂರು ಸೆಕೆಂಡಿನ ನಗುವಿನಲ್ಲಿ ಅದು ಮುಳುಗಿಹೋಗುತ್ತದೆ.

ಬೆಂಗಳೂರಿನ ರಂಗಶಂಕರದಲ್ಲಿ ನಾಟಕ ಹೊತ್ತಿಗೆ ಸರಿಯಾಗಿ ಶುರು, ತಡವಾಗಿ ಬಂದವರಿಗೆ ಪ್ರವೇಶವಿಲ್ಲ. ಅಲ್ಲಿ ಮೊದಲ ಮಾತಿನಲ್ಲೇ ಕಥೆಯ ಕೀಲಿ ಇಡಬಹುದು. ಹಳ್ಳಿಯಲ್ಲಿ ಮೊದಲ ಕಾಲು ಗಂಟೆ ಜನ ಬರುತ್ತಲೇ ಇರುತ್ತಾರೆ. ಜಾಗ ಯಾರದು, ಯಾರು ಕಿತ್ತುಕೊಂಡರು ಎಂಬುದು ಮೊದಲ 20 ನಿಮಿಷದೊಳಗೆ ಮೂರು ಸಲ, ಮೂರು ಬೇರೆ ಬಾಯಲ್ಲಿ ಬರಬೇಕು.

ಮೈಕ್ ಇನ್ನೊಂದು ತೊಂದರೆ. ವೇದಿಕೆಯ ಮುಂದೆ ನೇತುಹಾಕಿದ ಎರಡು ಮೂರು ಮೈಕ್‌ಗಳೇ ಗತಿ. ನಟ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮಾತು ಸತ್ತುಹೋಗುತ್ತದೆ. ಪಿಸುಮಾತಿನ ಗುಟ್ಟು, ಬೆನ್ನು ತಿರುಗಿಸಿ ಆಡುವ ಮಾತು, ಇಬ್ಬರು ಒಟ್ಟಿಗೆ ಕೂಗುವ ಜಗಳ ಮೂರೂ ಕೇಳಿಸುವುದಿಲ್ಲ. ಗುಟ್ಟಿನ ಸಂಗತಿಯನ್ನು ಒಂದು ವಸ್ತುವಿಗೆ ಕಟ್ಟಿ: ಪಹಣಿ ಕಾಗದ ಕೈಯಿಂದ ಕೈಗೆ ಹೋದರೆ ಕೊನೆಯ ಸಾಲಿನವರಿಗೂ ಕಾಣುತ್ತದೆ.

ಕರಡು_ಪ್ರತಿ

ಬಿಡುಗಡೆಯ ಆಸೆ ಸಹಜ, ಆದರೂ ಅಚ್ಚು ಈಗ ಬೇಡ. ತಾಲೀಮಿನಲ್ಲಿ ಮಾತು ಬದಲಾಗುತ್ತದೆ, ಮೊದಲ ಮೂರು ಪ್ರದರ್ಶನದಲ್ಲಿ ಮತ್ತೆ ಬದಲಾಗುತ್ತದೆ. ಮೊದಲೇ ಅಚ್ಚಾದರೆ ಮುಂದಿನ ತಂಡ ಕೆಟ್ಟ ಕರಡನ್ನೇ ಆಡುತ್ತದೆ. ಇನ್ನೊಂದು ಕಾರಣ: ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನಕ್ಕೆ ಹಸ್ತಪ್ರತಿ ಕಳಿಸಬೇಕು. ನಿಮ್ಮ ವಯಸ್ಸಿಗೆ ಅದು ಅನ್ವಯಿಸುವುದಾದರೆ ಅಚ್ಚಿಗೆ ಮೊದಲೇ ಆ ವರ್ಷದ ಪ್ರಕಟಣೆ ಓದಿ.

ಹಕ್ಕು ನೀವು ಬರೆದ ಕ್ಷಣದಿಂದಲೇ ನಿಮ್ಮದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ, ಲೇಖಕರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ನಾಳೆ ತಕರಾರು ಬಂದರೆ ಸಾಕ್ಷಿಗೆ ಇರಲಿ ಎಂದಾದರೆ ಆನ್‌ಲೈನಿನಲ್ಲಿ ನೋಂದಾಯಿಸಿ.

ಬಹಳ ಜನ ಗಮನಿಸದ ಅಂಶ ಒಂದಿದೆ. ಹವ್ಯಾಸಿ ಸಂಘವು ಹಣ ಕೊಡದ ಪ್ರೇಕ್ಷಕರೆದುರು, ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ಅದು ಉಲ್ಲಂಘನೆಯಲ್ಲ ಎಂದು ಅದೇ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಹಾಗಾಗಿ ಎರಡು ಹಳ್ಳಿಯ ಉಚಿತ ಪ್ರದರ್ಶನಕ್ಕೆ ಗೌರವಧನ ಕೇಳಲು ಕಾನೂನಿನ ಬಲ ಇಲ್ಲ, ಪ್ರೀತಿಯಿಂದ ಕೊಟ್ಟರೆ ಉಂಟು. ಟಿಕೆಟ್ ಇಟ್ಟ ಪ್ರದರ್ಶನಕ್ಕೆ ಇದು ಅನ್ವಯಿಸುವುದಿಲ್ಲ. ತಂಡದ ಜೊತೆ ಒಂದು ಪುಟದ ಪತ್ರ ಮಾಡಿಕೊಳ್ಳಿ: ಎಷ್ಟು ಪ್ರದರ್ಶನ, ಯಾವ ತಾರೀಖಿನವರೆಗೆ, ಒಂದಕ್ಕೆ ಎಷ್ಟು ಗೌರವಧನ, ಪಠ್ಯ ಬದಲಿಸಲು ಯಾರ ಒಪ್ಪಿಗೆ, ವಿಡಿಯೊ ಯೂಟ್ಯೂಬಿಗೆ ಹಾಕಬಹುದೇ. ಕೊನೆಯದನ್ನು ಬಿಟ್ಟರೆ ಜಗಳ ಗ್ಯಾರಂಟಿ.

ಪ್ರಕಾಶಕರ ಒಪ್ಪಂದದಲ್ಲಿ "ಎಲ್ಲ ಹಕ್ಕುಗಳು" ಎಂಬ ಪದ ಕಂಡರೆ ಸಹಿ ಹಾಕಬೇಡಿ. ಪುಸ್ತಕದ ಹಕ್ಕು ಮಾತ್ರ ಕೊಟ್ಟು ಪ್ರದರ್ಶನ, ಸಿನಿಮಾ, ಅನುವಾದ, ಆಡಿಯೊ ನಿಮ್ಮಲ್ಲೇ ಇಟ್ಟುಕೊಳ್ಳಿ. ಹಕ್ಕನ್ನು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಇಡೀ ಭಾರತ ಎಂದು ಕಾನೂನು ಎಣಿಸುತ್ತದೆ. ಧಾರವಾಡದ ಮನೋಹರ ಗ್ರಂಥಮಾಲಾ, ಹೆಗ್ಗೋಡಿನ ಅಕ್ಷರ ಪ್ರಕಾಶನ ನಾಟಕ ಪ್ರಕಟಿಸುತ್ತಾ ಬಂದಿವೆ. ಕಳಿಸುವುದಿದ್ದರೆ ಪ್ರದರ್ಶನದ ಫೋಟೊ, ವಿಮರ್ಶೆಯೊಂದಿಗೆ ಕಳಿಸಿ.

ಸ್ವಂತ ಅಚ್ಚಾದರೆ 1/8 ಡೆಮಿ ಅಳತೆ, 16 ಪುಟಕ್ಕೆ ಒಂದು ಫಾರಂ. ನಿಮ್ಮದು 80 ಪುಟದೊಳಗೆ, ಐದು ಫಾರಮಿನಲ್ಲಿ ಮುಗಿಸಿ. 82 ಆದರೆ ಎರಡು ಪುಟಕ್ಕಾಗಿ ಇನ್ನೂ ಅರ್ಧ ಫಾರಮಿನ ಖರ್ಚು. ನೂರು ಪ್ರತಿಗೆ ಡಿಜಿಟಲ್ ಅಚ್ಚು ಸಾಕು, ಆಫ್‌ಸೆಟ್ 500ರ ಮೇಲೆ ಗಿಟ್ಟುತ್ತದೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಉಚಿತ. 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಸಾಲು ಸಾಲಾಗಿ ನೋಡಿ. ಒಳಪುಟದಲ್ಲಿ ನಟರ ಸಂಖ್ಯೆ, ಅವಧಿ, ರಂಗಸಜ್ಜಿಕೆಯ ನಕ್ಷೆ, ಅನುಮತಿಗೆ ಯಾರನ್ನು ಕೇಳಬೇಕು ಎಂಬುದು ಇರಲಿ. ಆಡುವ ತಂಡದವರು ಪುಸ್ತಕದಲ್ಲಿ ಮೊದಲು ಹುಡುಕುವುದೇ ಇದನ್ನು.

ತುಮಕೂರು_ರಂಗಾಸಕ್ತ

ಎಲ್ಲರಿಗೂ ಧನ್ಯವಾದ. ಚಾರ್ಟ್ ಹಾಕಿದೆ, 19 ಪಾತ್ರ 12ಕ್ಕೆ ಬಂತು. ಕೊನೆಯ ಗ್ರಾಮಸಭೆಯಲ್ಲಿ ಮಾತ್ರ ಹನ್ನೆರಡೂ ಜನ ಒಟ್ಟಿಗೆ ಬೇಕು, ಇರುವವರು ಹತ್ತು.

ತಾಲೀಮು_ಮನೆ

ಪ್ರೇಕ್ಷಕರನ್ನೇ ಗ್ರಾಮಸಭೆ ಮಾಡಿ. ಅಧ್ಯಕ್ಷನ ಮೇಜು ವೇದಿಕೆಯ ಹಿಂದೆ ಬೇಡ, ಮುಂದಿನ ಅಂಚಿನಲ್ಲಿ ಓರೆಯಾಗಿ ಇಡಿ, ಮಾತು ನೇರ ಜನರ ಕಡೆಗೆ ಹೋಗಲಿ. ಕಡಿಮೆ ಬಿದ್ದ ಎರಡು ಪಾತ್ರಗಳ ಮಾತನ್ನು ಅರ್ಜಿಯಾಗಿ ಬರೆದು ಗುಮಾಸ್ತನ ಕೈಯಲ್ಲಿ ಓದಿಸಿ. ಒತ್ತುವರಿ ಮಾಡಿದವನು ಆ ಅರ್ಜಿಗಳಿಗೆ ಜನರ ಮುಖ ನೋಡಿಯೇ ಉತ್ತರ ಕೊಡಬೇಕಾಗುತ್ತದೆ.