‘ಲಕ್ಷಣ’, ‘ಚೆಲುವು’, ‘ನಿಲುವು’: ಎರಡು ಪದಸಂದೇಹಗಳು

ಮಾನ್ಯರೇ,

ಮೈಮುಖದ ಅಂದಕ್ಕೂ ವ್ಯಕ್ತಿಯ ರಾಜಕೀಯ ಹಾಗೂ ಆರ್ಥಿಕ ಅಭಿಪ್ರಾಯಗಳಿಗೂ ಇರುವ ನಂಟನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದು, ಎರಡು ಇಂಗ್ಲಿಷ್ ಪದಗಳಿಗೆ ತಕ್ಕ ಕನ್ನಡ ಸಿಗದೆ ತಡವರಿಸುತ್ತಿದ್ದೇನೆ.

ಮೊದಲನೆಯದು ‘ಅಟ್ರಾಕ್ಟಿವ್‌ನೆಸ್’. ಈ ಬಗೆಯ ಅಧ್ಯಯನಗಳಲ್ಲಿ ಅದು ನೋಡುವವರು ಕೊಡುವ ಅಂಕ. ಅರ್ಥಶಾಸ್ತ್ರಜ್ಞರಾದ ಹ್ಯಾಮರ್ಮೆಶ್ ಮತ್ತು ಬಿಡ್ಲ್ 1994ರಲ್ಲಿ ರೂಪಕ್ಕೂ ಗಳಿಕೆಗೂ ಇರುವ ಸಂಬಂಧವನ್ನು ತೋರಿಸಿದಾಗ ಆಧಾರವಾಗಿದ್ದುದು, ಸಂದರ್ಶಕರು ಎದುರಿಗಿದ್ದವರನ್ನು ನೋಡಿ 1ರಿಂದ 5ರವರೆಗೆ ಹಾಕಿದ ಅಂಕ. ‘ಸೌಂದರ್ಯ’ ಎಂದೊಡನೆ ಈ ನೋಡುಗ ಮರೆಯಾಗುತ್ತಾನೆ. ‘ಆಕರ್ಷಣೆ’ ಎಂದರೆ ಇಬ್ಬರ ನಡುವಿನ ಸೆಳೆತವೆಂದೇ ಓದುಗರು ತಿಳಿಯುತ್ತಾರೆ. ‘ಸ್ಫುರದ್ರೂಪಿ’ಯನ್ನು ಹೆಚ್ಚಾಗಿ ಗಂಡಸರಿಗೇ ಬಳಸುವುದು ರೂಢಿ. ಆಡುಮಾತಿನ ‘ಲಕ್ಷಣವಾಗಿದ್ದಾರೆ’ ಎಲ್ಲರಿಗೂ ಒಪ್ಪುತ್ತದೆಯಾದರೂ ಅದರಲ್ಲೊಂದು ತೊಡಕಿದೆ. ‘ಲಕ್ಷಣವಾಗಿ ಕೆಲಸ ಮಾಡು’ ಎಂದು ಗದರಿಸುವಾಗ ರೂಪದ ಮಾತೇ ಇರುವುದಿಲ್ಲ. ‘ಅವಲಕ್ಷಣ’ವೆಂಬುದು ಮುಖಕ್ಕೂ ಸಲ್ಲುತ್ತದೆ, ನಡತೆಗೂ ಸಲ್ಲುತ್ತದೆ. ಚೆಲುವರನ್ನು ಕಂಡೊಡನೆ ಅವರಲ್ಲಿ ಒಳ್ಳೆಯ ಗುಣಗಳನ್ನೂ ಊಹಿಸಿಕೊಳ್ಳುವ ಒಲವನ್ನು ಮನೋವಿಜ್ಞಾನಿಗಳಾದ ಡಯಾನ್, ಬರ್ಷೀಡ್ ಮತ್ತು ವಾಲ್‌ಸ್ಟರ್ 1972ರಲ್ಲಿ ಪ್ರಯೋಗದಿಂದ ತೋರಿಸಿದರು. ನಮ್ಮ ‘ಲಕ್ಷಣ’ವಾದರೋ ಆ ಒಲವನ್ನು ಮೊದಲೇ ಹೊಟ್ಟೆಯಲ್ಲಿಟ್ಟುಕೊಂಡಿದೆ. (ಪದವಾಗಿ ಅದು ನನಗೆ ಇಷ್ಟವಾಗುವುದೂ ಅದಕ್ಕೇ.) ಅಳೆಯಬೇಕಾದುದೇ ಅಳತೆಗೋಲಿನಲ್ಲಿ ಸೇರಿಕೊಂಡರೆ ವಾದ ನಿಲ್ಲದು. ಆದ್ದರಿಂದ ಸದ್ಯಕ್ಕೆ ‘ಚೆಲುವಿನ ಅಂಕ’ ಎಂದು ಬರೆದಿದ್ದೇನೆ.

ಎರಡನೆಯದು ‘ಆಟಿಟ್ಯೂಡ್’. ‘ಧೋರಣೆ’ ಪತ್ರಿಕೆಗಳಲ್ಲಿ ಬಹುಮಟ್ಟಿಗೆ ಆಕ್ಷೇಪದ ದನಿಯಲ್ಲೇ ಬರುತ್ತದೆ: ‘ನಿರ್ಲಕ್ಷ್ಯ ಧೋರಣೆ’, ‘ಮಲತಾಯಿ ಧೋರಣೆ’. ‘ನಿಲುವು’ ಒಳ್ಳೆಯ ಪದ. ಆದರೆ ಅದಕ್ಕೆ ಎತ್ತರ, ಆಕಾರ ಎಂಬ ಅರ್ಥವೂ ಉಂಟು. ‘ನಿಲುವುಗನ್ನಡಿ’ಯಲ್ಲಿ ಕಾಣುವುದು ಅಭಿಪ್ರಾಯವಲ್ಲ. ಯೂರೋಪ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಬಲಪಂಥೀಯ ರಾಜಕಾರಣಿಗಳು ನೋಡುಗರಿಗೆ ಹೆಚ್ಚು ಚೆಲುವರಾಗಿ ಕಾಣುತ್ತಾರೆಂದು 2017ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರಜ್ಞ ಬೆರ್ಗ್ರೆನ್ ಮತ್ತು ಸಂಗಡಿಗರು, ಚೆಲುವರಿಗೆ ಗಳಿಕೆ ಹೆಚ್ಚು, ಗಳಿಕೆ ಹೆಚ್ಚಿದವರಿಗೆ ಸಂಪತ್ತಿನ ಮರುಹಂಚಿಕೆ ಅಷ್ಟಾಗಿ ರುಚಿಸದು ಎಂಬ ವಿವರಣೆಯನ್ನು ಮುಂದಿಟ್ಟಿದ್ದಾರೆ. ಇದನ್ನು ‘ಚೆಲುವಿಗೂ ನಿಲುವಿಗೂ ನಂಟುಂಟು’ ಎಂದು ಬರೆದರೆ ಪ್ರಾಸವೇನೋ ಚೆನ್ನ, ಆದರೆ ಅದನ್ನು ಆಳೆತ್ತರದ ಮಾತೆಂದು ಓದಿಕೊಂಡವರನ್ನು ದೂರುವಂತಿಲ್ಲ. ‘ಒಲವು’ ಎಂದರೆ ಮರುಹಂಚಿಕೆಯ ವಿರೋಧ ಅದರಲ್ಲಿ ಹಿಡಿಸದು. ‘ಮನೋಭಾವ’ ತೀರಾ ಸಡಿಲ. ಪರವನ್ನೂ ವಿರೋಧವನ್ನೂ ಒಟ್ಟಿಗೆ ಹೇಳಬಲ್ಲ, ದೇಹದ ನೆನಪು ತಾರದ ಪದವೊಂದು ನಿಮ್ಮ ಬಳಕೆಯಲ್ಲಿದ್ದರೆ, ಪ್ರಯೋಗದ ವಾಕ್ಯದೊಡನೆ ದಯವಿಟ್ಟು ತಿಳಿಸಿ.